ಸ್ಪ್ಯಾಮರ್‌ಗೆ ಒಂದು ಮದ್ದು, ಟ್ರೋಲ್‌ಗೆ ಇನ್ನೊಂದು

2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಮತ್ತು ಸ್ಯಾನ್ ಡಿಯಾಗೊ ಕ್ಯಾಂಪಸ್‌ಗಳ ಸಂಶೋಧಕರು ಸ್ಪ್ಯಾಮ್ ಕಳಿಸುವವರ ಒಳಮನೆಗೇ ನುಗ್ಗಿದರು. ಆಗ 'ಸ್ಟಾರ್ಮ್' ಎಂಬ ಬಾಟ್‌ನೆಟ್ ಜೋರಾಗಿತ್ತು. ಬಾಟ್‌ನೆಟ್ ಅಂದರೆ ಕೇಡಿನ ಸಾಫ್ಟ್‌ವೇರ್ (ಮಾಲ್‌ವೇರ್) ಹೊಕ್ಕು ಬೇರೆ ಯಾರದೋ ಹಿಡಿತಕ್ಕೆ ಸಿಕ್ಕಿರುವ ಕಂಪ್ಯೂಟರ್‌ಗಳ ದಂಡು. ಅದು ಕಳಿಸುತ್ತಿದ್ದ ಔಷಧಿ ಜಾಹೀರಾತುಗಳ ಲಿಂಕನ್ನು ಸಂಶೋಧಕರು ತಾವೇ ಕಟ್ಟಿದ ನಕಲಿ ಅಂಗಡಿಯ ಕಡೆ ತಿರುಗಿಸಿದರು. ಅಲ್ಲಿ ಯಾರ ದುಡ್ಡೂ ಹೋಗುತ್ತಿರಲಿಲ್ಲ. ಎಷ್ಟು ಜನ ಕೊಳ್ಳಲು ಬರುತ್ತಾರೆ ಅಂತ ಎಣಿಸುವುದಷ್ಟೇ ಕೆಲಸ. 26 ದಿನಗಳಲ್ಲಿ ಸುಮಾರು 35 ಕೋಟಿ ಮೇಲ್ ಹೋದವು. ಕೊಳ್ಳಲು ಮುಂದಾದವರು 28 ಮಂದಿ.

ಒಂದೂಕಾಲು ಕೋಟಿ ಮೇಲ್‌ಗೆ ಒಬ್ಬ ಗಿರಾಕಿ! ಬೇರೆ ಯಾವ ವ್ಯಾಪಾರವಾದರೂ ಮಾರನೇ ದಿನವೇ ಬಾಗಿಲು ಹಾಕುತ್ತಿತ್ತು. ಸ್ಪ್ಯಾಮ್ ಮಾತ್ರ ನಡೆಯುತ್ತದೆ. ಯಾಕಂದರೆ ಕಳಿಸುವ ಖರ್ಚು ಹೆಚ್ಚುಕಮ್ಮಿ ಸೊನ್ನೆ.

ಚಿಕ್ಕದೊಂದು ಆನ್‌ಲೈನ್ ಗುಂಪು ನಡೆಸುವವರು ಈ ಲೆಕ್ಕವನ್ನು ನೆನಪಿಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ. ನೂರು ಜನರ ಗುಂಪಿಗೆ ಬಂದು ಕ್ರಿಪ್ಟೊ ಲಿಂಕ್ ಎಸೆದು ಹೋದವನಿಗೆ ನಿಮ್ಮ ಮೇಲೆ ಏನೂ ದ್ವೇಷವಿಲ್ಲ. ನೀವು ಯಾರು, ಏನು ಮಾತಾಡುತ್ತೀರಿ ಅನ್ನುವುದೂ ಅವನಿಗೆ ಗೊತ್ತಿಲ್ಲ. ಅವನ ಸಾಫ್ಟ್‌ವೇರ್ ಒಂದೇ ರಾತ್ರಿ ಸಾವಿರಾರು ಗುಂಪುಗಳ ಬಾಗಿಲು ತಟ್ಟುತ್ತದೆ. ತೆರೆದ ಕಡೆ ನುಗ್ಗುತ್ತದೆ, ತೆರೆಯದಿದ್ದರೆ ಮುಂದಕ್ಕೆ ಹೋಗುತ್ತದೆ. ಅವನನ್ನು ಹಿಡಿಯುವ ಅಗತ್ಯವೇ ಇಲ್ಲ. ಖರ್ಚು ಒಂಚೂರು ಜಾಸ್ತಿ ಆಗುವ ಹಾಗೆ ಮಾಡಿದರೆ ಸಾಕು.

ಬೇಕಂತಲೇ ಜನರನ್ನು ಕೆಣಕುವ ಟ್ರೋಲ್ ಹಾಗಲ್ಲ. ಅವನಿಗೆ ನೀವೇ ಬೇಕು. ಈ ಇಬ್ಬರನ್ನೂ ಒಂದೇ ಬ್ಲಾಕ್ ಬಟನ್‌ನಿಂದ ನಿಭಾಯಿಸಲು ಹೋಗುವುದರಲ್ಲೇ ಬಹಳಷ್ಟು ಅಡ್ಮಿನ್‌ಗಳು ಸುಸ್ತಾಗುತ್ತಾರೆ ಅಂತ ನನಗನ್ನಿಸುತ್ತದೆ.

ಮೊದಲು ಸ್ಪ್ಯಾಮರ್ ಕಥೆ. ಇದೇನೂ ಹೊಸ ಕಾಯಿಲೆಯಲ್ಲ. 1978ರಲ್ಲೇ ಗ್ಯಾರಿ ಥರ್ಕ್ ಎಂಬ ಮಾರಾಟಗಾರ ತನ್ನ ಕಂಪನಿಯ ಕಂಪ್ಯೂಟರ್‌ಗಳ ಪ್ರಚಾರವನ್ನು ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಟ್ಟಿಗೆ ಕಳಿಸಿ ಬೈಸಿಕೊಂಡಿದ್ದ. 1994ರಲ್ಲಿ ಅಮೆರಿಕದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾಗುಂಪುಗಳಿಗೆ ಸುರಿದರು. ಗಿಡಗಳ ಬಗ್ಗೆ ಮಾತಾಡುವ ಗುಂಪೋ, ಗಣಿತದ ಗುಂಪೋ ಅಂತ ನೋಡಲೇ ಇಲ್ಲ. ಅಷ್ಟು ಹೊತ್ತಿಗೆ ವಿಜ್ಞಾನಿಗಳು ಖರ್ಚಿನ ದಾರಿಯನ್ನು ಯೋಚಿಸಿಯೂ ಆಗಿತ್ತು. 1992ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೋರ್ ಒಂದು ಉಪಾಯ ಮುಂದಿಟ್ಟಿದ್ದರು: ಮೇಲ್ ಕಳಿಸುವ ಪ್ರತಿ ಕಂಪ್ಯೂಟರೂ ಮೊದಲು ಒಂದು ಸಣ್ಣ ಲೆಕ್ಕ ಬಿಡಿಸಬೇಕು. ದಿನಕ್ಕೆ ಹತ್ತು ಮೇಲ್ ಕಳಿಸುವವನಿಗೆ ಅದು ಗೊತ್ತೇ ಆಗುವುದಿಲ್ಲ. ಹತ್ತು ಲಕ್ಷ ಕಳಿಸುವವನ ಯಂತ್ರ ತಿಣುಕುತ್ತದೆ. 1997ರಲ್ಲಿ ಆಡಮ್ ಬ್ಯಾಕ್ 'ಹ್ಯಾಶ್‌ಕ್ಯಾಶ್' ಎಂಬ ಹೆಸರಿನಲ್ಲಿ ಇಂಥದ್ದನ್ನೇ ಮಾಡಿ ತೋರಿಸಿದರು. ಮೇಲ್ ಲೋಕದಲ್ಲಿ ಅದು ಅಷ್ಟಾಗಿ ಬೇರೂರಲಿಲ್ಲ. ಬಾಟ್‌ನೆಟ್ ಇಟ್ಟುಕೊಂಡವನು ಲೆಕ್ಕ ಬಿಡಿಸಲು ಬಳಸುವುದು ಬೇರೆಯವರ ಕಂಪ್ಯೂಟರ್, ಬೇರೆಯವರ ಕರೆಂಟ್ ತಾನೇ! ಆ ಉಪಾಯ ಮುಂದೆ ಬಿಟ್‌ಕಾಯಿನ್‌ನಲ್ಲಿ ಕೆಲಸಕ್ಕೆ ಬಂತು.

ಯಾರೂ ಓದದ ಮೂಲೆಯ ಗುಂಪಿಗೂ ಲಿಂಕ್ ಯಾಕೆ ಹಾಕುತ್ತಾರೆ? ಎಷ್ಟೋ ಸಲ ಅದನ್ನು ಓದಬೇಕಾದದ್ದು ಮನುಷ್ಯರಲ್ಲ, ಸರ್ಚ್ ಎಂಜಿನ್. ಒಂದು ತಾಣಕ್ಕೆ ಎಷ್ಟು ಕಡೆಯಿಂದ ಲಿಂಕ್ ಇದೆ ಅನ್ನುವುದನ್ನು ಗೂಗಲ್ ಒಂಥರಾ ಮತದ ಹಾಗೆ ಎಣಿಸುತ್ತದೆ. ಸ್ಪ್ಯಾಮರ್ ಕಳ್ಳಮತ ಹಾಕುತ್ತಾನೆ. 2005ರಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಒಟ್ಟಾಗಿ 'ನೋಫಾಲೋ' ಎಂಬ ಗುರುತನ್ನು ತಂದವು. ಆ ಗುರುತಿರುವ ಲಿಂಕ್‌ಗೆ ಮತ ಸಿಗುತ್ತಿರಲಿಲ್ಲ. ಸ್ಪ್ಯಾಮ್ ನಿಂತಿತೇ? ಇಲ್ಲ. ಯಾವ ತಾಣದಲ್ಲಿ ಆ ಗುರುತಿದೆ ಅಂತ ನೋಡಿಕೊಂಡು ಹಾಕುವುದಕ್ಕಿಂತ ಎಲ್ಲ ಕಡೆಯೂ ಹಾಕಿಬಿಡುವುದೇ ಅಗ್ಗ.

ಚಿಕ್ಕ ಗುಂಪಿಗೆ ಇಲ್ಲೊಂದು ಅನುಕೂಲವಿದೆ. ಅದು ಎಲ್ಲರ ಹಾಗೆ ಇರಬೇಕಾಗಿಲ್ಲ. ಸೇರುವ ಅರ್ಜಿಯನ್ನೇ ನೋಡಿ. ಹೆಸರು, ಇಮೇಲ್, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾಲಿ ಜಾಗ ಇಡಬಹುದು, ಪರದೆಯ ಮೇಲೆ ಕಾಣದ ಹಾಗೆ. ಮನುಷ್ಯರು ಅದನ್ನು ತುಂಬುವುದಿಲ್ಲ, ಕಂಡರೆ ತಾನೇ ತುಂಬುವುದು? ಬಾಟ್ (ತಾನಾಗೇ ಅರ್ಜಿ ತುಂಬುವ ಸಾಫ್ಟ್‌ವೇರ್) ಓದುವುದು ಪರದೆಯನ್ನಲ್ಲ, ಅದರ ಹಿಂದಿನ ಕೋಡನ್ನು. ಅಲ್ಲಿ 'ವೆಬ್‌ಸೈಟ್' ಅಂತ ಒಂದು ಜಾಗ ಕಂಡರೆ ಆಸೆಯಿಂದ ತನ್ನ ಲಿಂಕ್ ತುಂಬುತ್ತದೆ. ತುಂಬಿತೋ, ಸಿಕ್ಕಿಬಿತ್ತು. ಇನ್ನೊಂದು ಸುಳಿವು ಸಮಯ. ಅರ್ಜಿ ತೆರೆದು ಒಂದೇ ಸೆಕೆಂಡಿನಲ್ಲಿ ನಾಲ್ಕು ಜಾಗ ತುಂಬಿ ಕಳಿಸಲು ಯಾವ ಮನುಷ್ಯನಿಗೂ ಆಗುವುದಿಲ್ಲ. ಎಚ್ಚರ ಬೇಕು: ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಆ ಗುಪ್ತ ಜಾಗವನ್ನೂ ಓದಿ ಹೇಳಬಹುದು. ಕೆಲವು ಬ್ರೌಸರ್‌ಗಳು ತಾವೇ ಅದನ್ನು ತುಂಬಿಬಿಡುತ್ತವೆ. ಹಾಗಾಗಿ 'ಇದನ್ನು ಖಾಲಿ ಬಿಡಿ' ಅಂತ ಅಲ್ಲೇ ಬರೆದಿಡುವುದು ಒಳ್ಳೆಯದು.

ಇನ್ನೂ ಸುಲಭದ ದಾರಿ, ಗುಂಪಿಗೆ ಮಾತ್ರ ಅರ್ಥವಾಗುವ ಒಂದು ಪ್ರಶ್ನೆ ಕೇಳುವುದು. ಹಕ್ಕಿ ನೋಡುವವರ ಗುಂಪಾದರೆ 'ಮೇಲಿನ ಚಿತ್ರದಲ್ಲಿರುವ ಹಕ್ಕಿ ಯಾವುದು?' ಸಾಕು. ಕಷ್ಟದ ಪ್ರಶ್ನೆಯೇನಲ್ಲ. ಆದರೆ ಸಾವಿರಾರು ತಾಣಗಳಿಗೆ ಬರೆದ ಸಾಫ್ಟ್‌ವೇರನ್ನು ಒಂದು ಗುಂಪಿಗಾಗಿ ಯಾರು ತಿದ್ದುತ್ತಾರೆ? 'ನಾನು ಮನುಷ್ಯ' ಅಂತ ಸಾಬೀತು ಮಾಡಿಸುವ ಕ್ಯಾಪ್ಚಾಗಳ ಹಣೆಬರಹ ಬೇರೆ. ಎಲ್ಲ ಕಡೆಯೂ ಅವೇ ಇರುವುದರಿಂದ ಅವನ್ನು ಒಡೆಯಲು ಖರ್ಚು ಮಾಡಿದರೆ ಲಾಭವಿದೆ. ಯಂತ್ರಕ್ಕೆ ಆಗದಿದ್ದರೆ ಪುಡಿಗಾಸಿಗೆ ಕೂತು ಬಿಡಿಸಿಕೊಡುವ ಮನುಷ್ಯರೂ ಸಿಗುತ್ತಾರೆ. ಕೊನೆಗೆ ಟ್ರಾಫಿಕ್ ಲೈಟ್ ಹುಡುಕುತ್ತಾ ಒದ್ದಾಡುವವರು ನಾವು.

ಫಿಲ್ಟರ್ ಹಾಕಿದರೆ ಆಗಲ್ವಾ ಅಂತ ಕೇಳಬಹುದು. 2002ರಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ, 18ನೇ ಶತಮಾನದ ಥಾಮಸ್ ಬೇಯ್ಸ್‌ನ ಸಂಭವನೀಯತೆಯ ಸೂತ್ರವನ್ನು ಸ್ಪ್ಯಾಮ್ ಹಿಡಿಯಲು ಬಳಸುವ ಬಗೆಯನ್ನು ಬರೆದ ಮೇಲೆ ಅದು ಮನೆಮಾತಾಯಿತು. ಯಾವ ಪದ ಸ್ಪ್ಯಾಮ್‌ನಲ್ಲಿ ಎಷ್ಟು ಸಲ ಬರುತ್ತದೆ, ಒಳ್ಳೆಯ ಮೇಲ್‌ನಲ್ಲಿ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಒಟ್ಟು ಅನುಮಾನವನ್ನು ಲೆಕ್ಕ ಹಾಕುವುದು. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದೇ ಬೇಯ್ಸ್ ಚಿಕ್ಕ ಗುಂಪಿಗೆ ಒಂದು ಪೆಟ್ಟನ್ನೂ ಕೊಡುತ್ತಾನೆ. ನೂರಕ್ಕೆ 99 ಸಲ ಸರಿಯಾಗಿ ಹೇಳುವ ಫಿಲ್ಟರ್ ಇದೆ ಅಂದುಕೊಳ್ಳಿ. ಸಾವಿರ ಮೇಲ್‌ನಲ್ಲಿ 900 ಸ್ಪ್ಯಾಮ್ ಇರುವ ಇನ್‌ಬಾಕ್ಸ್‌ನಲ್ಲಿ ಅದು 891ನ್ನು ಹಿಡಿಯುತ್ತದೆ. ಒಳ್ಳೆಯ ನೂರರಲ್ಲಿ ಒಂದು ಸುಮ್ನೆ ಬಲಿಯಾಗುತ್ತದೆ. ಪರವಾಗಿಲ್ಲ. ಈಗ ಅದನ್ನೇ ನಿಮ್ಮ ಗುಂಪಿಗೆ ತನ್ನಿ. ಸಾವಿರ ಪೋಸ್ಟ್‌ನಲ್ಲಿ ಕೆಟ್ಟವು ಹತ್ತೇ. ಆ ಹತ್ತೂ ಸಿಗುತ್ತವೆ ಅನ್ನಿ. ಉಳಿದ 990ರಲ್ಲಿ ನೂರಕ್ಕೆ ಒಂದರಂತೆ ಇನ್ನೂ ಹತ್ತು ಸಿಕ್ಕಿಬೀಳುತ್ತವೆ. ಅಂದರೆ ತಡೆದ ಇಪ್ಪತ್ತರಲ್ಲಿ ಅರ್ಧ ನಿಮ್ಮ ಸ್ನೇಹಿತರದೇ! ಫಿಲ್ಟರ್ ಕೆಟ್ಟಿಲ್ಲ. ನಿಮ್ಮ ಗುಂಪಿನಲ್ಲಿ ಕೆಟ್ಟವರು ಕಡಿಮೆ, ಅಷ್ಟೇ. ಅದಕ್ಕೇ ಚಿಕ್ಕ ಗುಂಪಿನಲ್ಲಿ ಯಂತ್ರ ತಡೆದಿಡಬಹುದು, ಅಳಿಸುವ ತೀರ್ಮಾನ ಮನುಷ್ಯರದ್ದಾಗಿರಬೇಕು.

ಇಲ್ಲಿಂದ ಮುಂದಕ್ಕೆ ಸ್ಪ್ಯಾಮರ್ ದಾರಿ ಮತ್ತು ಟ್ರೋಲ್ ದಾರಿ ಒಂದು ಕಡೆ ಸೇರುತ್ತವೆ: ಹೊಸ ಅಕೌಂಟ್. ಬ್ಯಾನ್ ಮಾಡಿದರೆ ಇನ್ನೊಂದು ಹೆಸರಿನಲ್ಲಿ ಬರುತ್ತಾನೆ. 2001ರಲ್ಲಿ ಎರಿಕ್ ಫ್ರೀಡ್‌ಮನ್ ಮತ್ತು ಪಾಲ್ ರೆಸ್ನಿಕ್ ಇದನ್ನು ಗೇಮ್ ಥಿಯರಿಯಲ್ಲಿ (ಎದುರಿನವರ ನಡೆ ನೋಡಿ ತನ್ನ ನಡೆ ಲೆಕ್ಕ ಹಾಕುವ ಗಣಿತ) ಬಿಡಿಸಿ ನೋಡಿದರು. ಹೆಸರು ಪುಕ್ಕಟೆಯಾಗಿ ಸಿಗುವ ಕಡೆ ಹೊಸಬರನ್ನು ಒಂದಷ್ಟು ದಿನ ಅನುಮಾನದಿಂದ ನೋಡುವುದು ಬಿಟ್ಟು ಬೇರೆ ಒಳ್ಳೆಯ ದಾರಿ ಅವರಿಗೆ ಸಿಗಲಿಲ್ಲ. ಒಳ್ಳೆಯ ಹೊಸಬನೂ ಆ ಸುಂಕ ಕಟ್ಟಲೇಬೇಕು. ಮೆಟಾಫಿಲ್ಟರ್ ಎಂಬ ಹಳೆಯ ಬಳಗ ಇದನ್ನು ನೇರವಾಗಿಯೇ ಮಾಡಿತು. 2004ರಲ್ಲಿ ಸೇರಲು 5 ಡಾಲರ್ ಇಟ್ಟಿತು. ದುಡ್ಡು ದೊಡ್ಡದಲ್ಲ, ಆದರೆ ನೂರು ಅಕೌಂಟ್ ತೆರೆಯುವವನಿಗೆ 500 ಡಾಲರ್. ದುಡ್ಡು ಕೇಳಲು ಮನಸ್ಸಿಲ್ಲದವರು ಹೊಸಬರ ಮೊದಲ ಕೆಲವು ಪೋಸ್ಟ್‌ಗಳನ್ನು ಅಡ್ಮಿನ್ ನೋಡಿದ ಮೇಲಷ್ಟೇ ಬಿಡುತ್ತಾರೆ, ಲಿಂಕ್ ಹಾಕಲು ಬಿಡುವುದಿಲ್ಲ. ಇದು ಬರೀ ಸಂಶಯದ ಬುದ್ಧಿಯಲ್ಲ. ಮೂರು ದೊಡ್ಡ ತಾಣಗಳ ಸುಮಾರು 4 ಕೋಟಿ ಪೋಸ್ಟ್ ನೋಡಿದ 2015ರ ಒಂದು ಅಧ್ಯಯನದಲ್ಲಿ, ಮುಂದೆ ಬ್ಯಾನ್ ಆಗುವವರು ಯಾರು ಅಂತ ಅವರ ಮೊದಲ ಐದು-ಹತ್ತು ಪೋಸ್ಟ್‌ಗಳಿಂದಲೇ ಸಾಕಷ್ಟು ಸರಿಯಾಗಿ ಊಹಿಸಲು ಆಯಿತು.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ಗುಂಪು ವಿಪರೀತ ಕಠಿಣವಾಗಿ ನಡೆಸಿಕೊಂಡವರು ದಿನ ಕಳೆದಂತೆ ಇನ್ನೂ ಹದಗೆಟ್ಟರು. ಟ್ರೋಲ್ ವಿಷಯದಲ್ಲಿ ನಮ್ಮ ಕೋಪ ತಪ್ಪು ಕಡೆ ಎಳೆಯುವುದು ಹೀಗೆ.

ಟ್ರೋಲ್ ಅಂದರೆ ಹುಟ್ಟಾ ದುಷ್ಟ ಅಂತ ನಂಬುವುದು ಸುಲಭ. ಅಂಥವರೂ ಇದ್ದಾರೆ. ಬೇರೆಯವರ ನೋವಿನಲ್ಲಿ ಖುಷಿ ಪಡುವ ಸ್ವಭಾವಕ್ಕೂ ಟ್ರೋಲಿಂಗ್ ಚಟಕ್ಕೂ ನಂಟಿದೆ ಅಂತ 2014ರಲ್ಲಿ ಕೆನಡಾದ ಮನೋವಿಜ್ಞಾನಿಗಳು ತೋರಿಸಿದ್ದಾರೆ. ಆದರೆ 2017ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳವರು 667 ಜನ ಸಾಮಾನ್ಯರನ್ನು ಕೂರಿಸಿ ಮಾಡಿದ ಪ್ರಯೋಗ ಬೇರೆ ಕಥೆ ಹೇಳುತ್ತದೆ. ಮೊದಲು ಒಂದು ಪರೀಕ್ಷೆ. ಕೆಲವರಿಗೆ ಸುಲಭದ್ದು. ಇನ್ನು ಕೆಲವರಿಗೆ ತಲೆಕೆಡಿಸುವಂಥದ್ದು, ಮೇಲಿಂದ 'ನೀವು ಚೆನ್ನಾಗಿ ಮಾಡಲಿಲ್ಲ' ಅನ್ನುವ ಮಾತು. ಆಮೇಲೆ ಒಂದು ಲೇಖನ ಓದಿ ಪ್ರತಿಕ್ರಿಯೆ ಬರೆಯಬೇಕು. ಕೆಲವರಿಗೆ ಮೇಲುಗಡೆ ಸಭ್ಯ ಪ್ರತಿಕ್ರಿಯೆಗಳು ಕಾಣುತ್ತಿದ್ದವು, ಕೆಲವರಿಗೆ ಕೊಳಕು ಮಾತು. ಮನಸ್ಸೂ ನೆಟ್ಟಗಿದ್ದು ಮೇಲಿನ ಮಾತೂ ಸಭ್ಯವಾಗಿದ್ದವರಲ್ಲಿ ನೂರಕ್ಕೆ 35 ಪ್ರತಿಕ್ರಿಯೆ ಟ್ರೋಲ್ ಥರ ಇದ್ದವು. ಎರಡರಲ್ಲಿ ಒಂದು ಕೆಟ್ಟರೆ ಹತ್ತಿರ ಹತ್ತಿರ ಅರ್ಧ. ಎರಡೂ ಕೆಟ್ಟರೆ 68. ಒಂದು ಸುದ್ದಿ ತಾಣದ ಹಳೆಯ ದತ್ತಾಂಶ ತೆಗೆದು ನೋಡಿದರೆ ತಡರಾತ್ರಿಯಲ್ಲಿ, ಸೋಮವಾರಗಳಲ್ಲಿ ಇದು ಜಾಸ್ತಿ. ಸೋಮವಾರದ ಮನಸ್ಥಿತಿ ಯಾರಿಗೆ ಗೊತ್ತಿಲ್ಲ!

ಅಂದರೆ ಮೇಲೆ ಬಿದ್ದಿರುವ ಮೊದಲ ಎರಡು ಮೂರು ಮಾತು ತುಂಬಾ ಮುಖ್ಯ. ಚಿಕ್ಕ ಗುಂಪಿನಲ್ಲಿ ಒಂದು ಕೊಳಕು ಪೋಸ್ಟ್ ಇಡೀ ರಾತ್ರಿ ಮೇಲೇ ಕೂತರೆ ಬೆಳಿಗ್ಗೆಗೆ ನಾಲ್ಕು ಹುಟ್ಟಿರುತ್ತವೆ. ಬೇಗ ಮರೆಮಾಡುವುದು ಬೈಯುವುದಕ್ಕಿಂತ ಎಷ್ಟೋ ವಾಸಿ. ಡೌನ್‌ವೋಟ್ (ಇಷ್ಟವಾಗಲಿಲ್ಲ ಅಂತ ಒತ್ತುವ ಮತ) ಬಗ್ಗೆಯೂ 2014ರಲ್ಲಿ ಲೆಕ್ಕ ಸಿಕ್ಕಿದೆ. ಡೌನ್‌ವೋಟ್ ತಿಂದವರು ಸುಮ್ಮನಾಗಲಿಲ್ಲ. ಮೊದಲಿಗಿಂತ ಜಾಸ್ತಿ ಬರೆದರು, ಮೊದಲಿಗಿಂತ ಕೆಟ್ಟದಾಗಿ ಬರೆದರು, ಬೇರೆಯವರಿಗೂ ಡೌನ್‌ವೋಟ್ ಒತ್ತಿದರು. ಗುಂಪು ಬಿಟ್ಟು ಹೋಗುವ ಸಾಧ್ಯತೆ ಯಾರಿಗೆ ಹೆಚ್ಚಿತ್ತು ಗೊತ್ತಾ? ಯಾವ ಪ್ರತಿಕ್ರಿಯೆಯೂ ಸಿಗದವರಿಗೆ. 'ಟ್ರೋಲ್‌ಗೆ ಉತ್ತರ ಕೊಡಬೇಡಿ' ಅನ್ನುವ ಹಳೇ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ. ಜೊತೆಗೆ ಅದರಲ್ಲೊಂದು ಚುಚ್ಚು ಕೂಡ ಇದೆ: ಯಾರೂ ಮಾತಾಡಿಸದ ಒಳ್ಳೆಯ ಹೊಸಬನೂ ಹಾಗೇ ಹೊರಟುಹೋಗುತ್ತಾನೆ.

ನಿಯಮಗಳನ್ನು ಕಣ್ಣಿಗೆ ಬೀಳುವ ಹಾಗೆ ಇಟ್ಟರೆ ಹೊಸಬರು ಹೆದರುತ್ತಾರೆ ಅಂತ ಕೆಲವರಿಗೆ ಅಳುಕು. ರೆಡ್ಡಿಟ್ ಎಂಬ ಚರ್ಚಾತಾಣದ ವಿಜ್ಞಾನ ಗುಂಪಿನಲ್ಲಿ ಸಂಶೋಧಕ ನೇಥನ್ ಮಟಾಯಸ್ 2,190 ಚರ್ಚೆಗಳ ಮೇಲೆ ಇದನ್ನು ಪರೀಕ್ಷಿಸಿದರು. ಲಾಟರಿಯಂತೆ ಆರಿಸಿದ ಚರ್ಚೆಗಳ ಮೇಲುಗಡೆ ನಿಯಮಗಳನ್ನು ಅಂಟಿಸಿದರು. ಅಲ್ಲಿ ಹೊಸಬರು ನಿಯಮ ಪಾಲಿಸುವ ಸಾಧ್ಯತೆ ಶೇಕಡಾ 8 ಅಂಶಗಳಷ್ಟು ಏರಿತು. ಹೊಸಬರ ಭಾಗವಹಿಸುವಿಕೆ ಕಡಿಮೆಯಾಗಲಿಲ್ಲ, ಸರಾಸರಿ ಶೇ. 70ರಷ್ಟು ಹೆಚ್ಚಾಯಿತು. ಇಲ್ಲಿ ಏನು ನಡೆಯುತ್ತದೆ ಅಂತ ಗೊತ್ತಾದರೆ ಬಾಯಿ ಬಿಡಲು ಧೈರ್ಯ ಬರುತ್ತದೆ ಅನ್ನಿಸುತ್ತದೆ.

ಎಲ್ಲರೂ ನಿಜವಾದ ಹೆಸರಿನಲ್ಲೇ ಬರಲಿ ಅನ್ನುವವರಿಗೆ ದಕ್ಷಿಣ ಕೊರಿಯಾದ ಅನುಭವ ಸಾಕು. 2007ರಲ್ಲಿ ಅಲ್ಲಿ ದೊಡ್ಡ ತಾಣಗಳಿಗೆ ಗುರುತಿನ ಪರಿಶೀಲನೆ ಕಡ್ಡಾಯವಾಯಿತು. ಕೆಟ್ಟ ಮಾತು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 2011ರಲ್ಲಿ ಒಂದು ದೊಡ್ಡ ಸೈಬರ್ ದಾಳಿಯಲ್ಲಿ ಸುಮಾರು 3.5 ಕೋಟಿ ಬಳಕೆದಾರರ ವಿವರ ಸೋರಿಹೋಯಿತು. 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ತಳ್ಳಿಹಾಕಿತು.

ಶಿಕ್ಷೆಯ ವಿಷಯಕ್ಕೆ ನಾನು ಹೋಗುವುದು ಎಲಿನೋರ್ ಆಸ್ಟ್ರಮ್ ಹತ್ತಿರ. 2009ರ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರು ನೋಡಿದ್ದು ಇಂಟರ್‌ನೆಟ್ ಅಲ್ಲ. ಹುಲ್ಲುಗಾವಲು, ಮೀನುಗಾರಿಕೆ, ನೀರಿನ ಕಾಲುವೆಗಳನ್ನು ಊರವರೇ ಹಂಚಿಕೊಂಡು ನಡೆಸುವ ಬಗೆ. ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಅವರಿಗೆ ಕಂಡ ಒಂದು ಗುಣ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಕ್ಷೆ. ಮೊದಲ ಸಲ ತಪ್ಪಿದವನಿಗೆ ಒಂದು ಮಾತು, ಮತ್ತೆ ಮತ್ತೆ ತಪ್ಪಿದವನಿಗೆ ದೊಡ್ಡ ದಂಡ. ಆನ್‌ಲೈನ್ ಗುಂಪಿಗೂ ಇದು ಹೊಂದುತ್ತದೆ. ಖಾಸಗಿಯಾಗಿ ಒಂದು ಎಚ್ಚರಿಕೆ, ಆಮೇಲೆ ಒಂದು ದಿನ ಮೌನ, ಆಮೇಲೆ ಒಂದು ವಾರ, ಕೊನೆಗೆ ಬ್ಯಾನ್. ಕೆಟ್ಟ ಸೋಮವಾರದವನು ಮೊದಲ ಮೆಟ್ಟಿಲಲ್ಲೇ ನಾಚಿಕೊಂಡು ಸರಿಹೋಗುತ್ತಾನೆ. ಕೊನೆಯ ಮೆಟ್ಟಿಲಿಗೆ ಬರುವವನು ನಿಜವಾದ ಟ್ರೋಲ್. ಅವನ ಪೋಸ್ಟ್ ಅವನಿಗೆ ಮಾತ್ರ ಕಾಣಿಸುವ 'ಶ್ಯಾಡೋಬ್ಯಾನ್' ಎಂಬ ಜಾಣತನವೂ ಇದೆ. ಬಾಟ್‌ಗಳಿಗೆ ಸರಿ. ನೂರು ಜನರ ಗುಂಪಿನಲ್ಲಿ ಮನುಷ್ಯರ ಮೇಲೆ ಅದನ್ನು ಬಳಸುವುದು ನನಗೆ ಇಷ್ಟವಾಗುವುದಿಲ್ಲ. ಗೊತ್ತಾದ ದಿನ ಉಳಿದವರಿಗೂ ತಮ್ಮ ಮಾತು ಯಾರಿಗಾದರೂ ಕಾಣುತ್ತಿದೆಯೇ ಅಂತ ಅನುಮಾನ ಶುರುವಾಗುತ್ತದೆ.

ಬ್ಯಾನ್‌ನಿಂದ ಉಪಯೋಗವಿಲ್ಲ ಅನ್ನುವವರೂ ಇದ್ದಾರೆ. ಆದರೆ 2015ರಲ್ಲಿ ರೆಡ್ಡಿಟ್ ದ್ವೇಷ ಕಾರುವ ಎರಡು ಗುಂಪುಗಳನ್ನು ಮುಚ್ಚಿದಾಗ ಅವುಗಳ ಸದಸ್ಯರಲ್ಲಿ ಅನೇಕರು ತಾಣವನ್ನೇ ಬಿಟ್ಟರು. ಉಳಿದವರ ಮಾತಿನಲ್ಲಿ ದ್ವೇಷದ ಪದಗಳು ಕನಿಷ್ಠ ಶೇ. 80ರಷ್ಟು ಇಳಿದವು.

ಈಗಿನ ಕಷ್ಟ ಬೇರೆ. ಎಐ ಮಾದರಿಗಳು ಬಂದ ಮೇಲೆ ಬಾಟ್ ಕೂಡ ಹಕ್ಕಿಯ ಹೆಸರು ಹೇಳುತ್ತದೆ, ನಿಮ್ಮ ಚರ್ಚೆ ಓದಿ ಅದಕ್ಕೆ ಹೊಂದುವ ಎರಡು ಸಾಲು ಬರೆದು ಮೂರನೆಯದರಲ್ಲಿ ಲಿಂಕ್ ಇಡುತ್ತದೆ. ಒಂದು ಗುಂಪಿಗಾಗಿ ತಲೆಕೆಡಿಸಿಕೊಳ್ಳುವ ಖರ್ಚೂ ಸೊನ್ನೆಯ ಕಡೆ ಜಾರುತ್ತಿದೆ. ಹಾಗಾಗಿ ಕೆಲವರು ಆಮಂತ್ರಣದ ದಾರಿ ಹಿಡಿದಿದ್ದಾರೆ. ಪ್ರೋಗ್ರಾಮರ್‌ಗಳ 'ಲಾಬ್‌ಸ್ಟರ್ಸ್' ಬಳಗದಲ್ಲಿ ಹಳಬರು ಕರೆದರಷ್ಟೇ ಒಳಗೆ. ಯಾರು ಯಾರನ್ನು ಕರೆತಂದರು ಅನ್ನುವ ಇಡೀ ವಂಶವೃಕ್ಷ ಎಲ್ಲರಿಗೂ ಕಾಣುತ್ತದೆ. ಒಂದು ಕೊಂಬೆಯಿಂದ ಮೇಲಿಂದ ಮೇಲೆ ಸ್ಪ್ಯಾಮರ್‌ಗಳು ಬಂದರೆ ಕರೆತಂದವನನ್ನೂ ಪ್ರಶ್ನೆ ಕೇಳಬಹುದು. ಈ ಏರ್ಪಾಡಿನ ಬೆಲೆಯೂ ಇದೆ. ಒಳಗೆ ಯಾರ ಪರಿಚಯವೂ ಇಲ್ಲದ, ಆದರೆ ವಿಷಯ ಬಲ್ಲ ಅಪರಿಚಿತರು ಹೊರಗೇ ಉಳಿಯುತ್ತಾರೆ. ಎಷ್ಟು ಜನ ಹಾಗೆ ಉಳಿದರು ಅಂತ ಯಾವ ಅಡ್ಮಿನ್‌ಗೂ ಗೊತ್ತಾಗುವುದಿಲ್ಲ.