ಎರಡು ರೂಟರ್ ಇದ್ದರೂ ‘ಸರ್ವರ್ ಡೌನ್’

“ಸರ್ವರ್ ಡೌನ್ ಅದ್ರಿ, ನಾಳಿ ಬರ್ರಿ.” ಕಲಬುರಗಿ ಕಡೆ ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಪಾಳಿ ಹಚ್ಚಿದವರಿಗೆ ಇದು ಹೊಸ ಮಾತಲ್ಲ. ಎಷ್ಟೋ ಸಲ ಸರ್ವರ್‌ಗೆ ಏನೂ ಆಗಿರುವುದಿಲ್ಲ, ಅಲ್ಲಿಗೆ ಹೋಗುವ ದಾರಿ ಕಡಿದಿರುತ್ತದೆ.

ಕೈಬರಹದ ಪಹಣಿ 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದಾಗ ದಾಖಲೆ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇತ್ತು. ಆಮೇಲೆ ಎಲ್ಲ ಬೆಂಗಳೂರಿನತ್ತ ಸರಿಯಿತು; ಇಲ್ಲಿ ಉಳಿದದ್ದು ಪರದೆ, ಪ್ರಿಂಟರ್ ಮತ್ತು ಒಂದು ತಂತಿ.

ಕೌಂಟರಿನ ಕಂಪ್ಯೂಟರಿಗೆ ಗೊತ್ತಿರುವುದು ಒಂದೇ ಗೇಟ್‌ವೇ, ಅಂದರೆ ಹೊರಗಿನ ಜಾಲಕ್ಕೆ ದಾರಿ ಕೊಡುವ ಒಂದು ರೂಟರಿನ ವಿಳಾಸ. ಆ ರೂಟರ್ ಸತ್ತರೆ ಪಕ್ಕದಲ್ಲಿ ಇನ್ನೊಂದು ಇದ್ದರೂ ಅದರ ಕಡೆ ತಿರುಗುವುದಿಲ್ಲ. ಇದಕ್ಕೆಂದೇ 1998ರಲ್ಲಿ ವಿಆರ್‌ಆರ್‌ಪಿ (ವರ್ಚುವಲ್ ರೂಟರ್ ರಿಡಂಡೆನ್ಸಿ ಪ್ರೋಟೋಕಾಲ್) ಎಂಬ ಮಾನದಂಡ ಬಂತು. ಎರಡು ರೂಟರ್‌ಗಳಿಗೆ .2, .3 ಎಂದು ಕೊನೆಯಾಗುವ ಸ್ವಂತ ವಿಳಾಸ, ಇಬ್ಬರಿಗೂ ಸೇರಿ .1 ಎಂಬ ತೋರಿಕೆಯ ವಿಳಾಸ. ಕಂಪ್ಯೂಟರುಗಳಿಗೆ ಕೊಡುವುದು .1 ಮಾತ್ರ. ಮುಖ್ಯ ರೂಟರ್ ಸೆಕೆಂಡಿಗೊಮ್ಮೆ ‘ಇದ್ದೇನೆ’ ಎನ್ನುತ್ತದೆ. ಆ ಸದ್ದು ನಿಂತರೆ, ಆದ್ಯತೆ (ಹೆಚ್ಚು ಇದ್ದದ್ದೇ ಮುಖ್ಯ ರೂಟರ್) 100 ಇರುವ ಎರಡನೆಯದು ಸುಮಾರು 3.6 ಸೆಕೆಂಡಿನಲ್ಲಿ ಅಧಿಕಾರ ವಹಿಸಿಕೊಳ್ಳುತ್ತದೆ.

ಕಾಗದದ ಮೇಲೆ ಇಷ್ಟೇ. ಆದರೆ ಜೆಸಿಬಿ ಫೈಬರ್ ಕಿತ್ತಾಗ ರೂಟರ್ ಸಾಯುವುದಿಲ್ಲ. ಪಕ್ಕದ ಮೋಡೆಮ್‌ಗೆ ಹೋಗುವ ತಂತಿ ಜೀವಂತವೇ, ದೀಪವೂ ಹಸಿರೇ. ಅದು ‘ಇದ್ದೇನೆ’ ಎನ್ನುತ್ತಲೇ ಇರುತ್ತದೆ, ಕಳಿಸಿದ್ದೆಲ್ಲ ಹಾಳುಬಾವಿಗೆ. ಹೀಗಾಗಿ ದೂರದ ಒಂದು ವಿಳಾಸಕ್ಕೆ ಸತತ ಪಿಂಗ್ (‘ಇದ್ದೀಯಾ’ ಎಂಬ ಪುಟ್ಟ ಪ್ರಶ್ನೆ) ಹಾಕಿ, ಉತ್ತರ ತಪ್ಪಿದರೆ ಆದ್ಯತೆ ಇಳಿಸುವ ಟ್ರ್ಯಾಕಿಂಗ್ ಬೇಕೇಬೇಕು. ಇಳಿಕೆಯ ಲೆಕ್ಕವೂ ಸರಿ ಇರಬೇಕು: ಮುಖ್ಯ ರೂಟರಿನ ಆದ್ಯತೆ 110 ಎಂದಿಟ್ಟುಕೊಳ್ಳಿ, ಅದರಿಂದ 20 ಕಳೆದರೆ 90, ಎರಡನೆಯದರ 100 ಗೆಲ್ಲುತ್ತದೆ. 5 ಮಾತ್ರ ಕಳೆದರೆ 105, ಏನೂ ಬದಲಾಗದು. ಎರಡೂ ರೂಟರನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚು, 224.0.0.18 ವಿಳಾಸಕ್ಕೆ ಹೋಗುವ ಆ ‘ಇದ್ದೇನೆ’ ಎಂಬ ಮಾತನ್ನು ತಡೆದರಂತೂ ಇಬ್ಬರೂ ತಾನೇ ಯಜಮಾನ ಎಂದು ಕೂರುತ್ತಾರೆ.

ಟೆಂಡರಿನಲ್ಲಿ ಎಣಿಸುವುದು ಪೆಟ್ಟಿಗೆಗಳನ್ನು, ದಾರಿಗಳನ್ನಲ್ಲ. ಎರಡೂ ರೂಟರ್ ಒಂದೇ ಯುಪಿಎಸ್‌ಗೆ, ಒಂದೇ ಸ್ವಿಚ್ಚಿಗೆ. ಎರಡು ಕಂಪನಿಯ ಫೈಬರ್ ಒಂದೇ ಗುಂಡಿಯಲ್ಲಿ. ಎರಡನೆಯ ಲಿಂಕಿನ ಸಾರ್ವಜನಿಕ ವಿಳಾಸ ಬೇರೆ, ಅದನ್ನು ಬೆಂಗಳೂರಿನ ಫೈರ್‌ವಾಲಿಗೆ (ಅಪರಿಚಿತ ವಿಳಾಸಗಳನ್ನು ತಡೆಯುವ ಕಾವಲಿಗೆ) ಮೊದಲೇ ತಿಳಿಸಿರದಿದ್ದರೆ ದಾರಿ ತೆರೆದರೂ ಬಾಗಿಲು ಮುಚ್ಚಿಯೇ ಇರುತ್ತದೆ.

ಪರೀಕ್ಷೆಗೆ ರೂಟರಿನ ಕರೆಂಟು ತೆಗೆದರೆ ಸಾಲದು. ರಜಾದಿನ ಕೌಂಟರಿನ ಕಂಪ್ಯೂಟರಿನಲ್ಲಿ ಪಿಂಗ್ ಬಿಟ್ಟು, ಮೋಡೆಮ್‌ನ ಹಿಂದಿನ ಫೈಬರನ್ನೇ ಕಿತ್ತು ನೋಡಬೇಕು.