ಫೋಟೊ ನೋಡಿ ಡಯಾಟಮ್ ಪ್ರಭೇದವನ್ನು ಹೇಳಬಹುದೆ?

ಪ್ರಶ್ನೆ: ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ತುಂಗಾ ನದಿಯ ನೀರಿನಲ್ಲಿ ತೇಲುವ ಡಯಾಟಮ್‌ಗಳ ಫೋಟೊವನ್ನು ಸೂಕ್ಷ್ಮದರ್ಶಕದ ಮೂಲಕ ಮೊಬೈಲಿನಲ್ಲಿ ತೆಗೆದಿದ್ದೇನೆ. ಅದರಿಂದ ಪ್ರಭೇದವನ್ನು ಖಚಿತವಾಗಿ ಗುರುತಿಸಬಹುದೆ?

ಉತ್ತರ: ಕುಲದವರೆಗೆ (ಹತ್ತಿರದ ಪ್ರಭೇದಗಳ ಗುಂಪಿನವರೆಗೆ) ಹಲವು ಸಲ ಸಾಧ್ಯ, ಪ್ರಭೇದದ ಹೆಸರಿಡಲು ಆ ಫೋಟೊ ಸಾಲದು. ಡಯಾಟಮ್ ಎಂಬ ಈ ಏಕಕೋಶ ಪಾಚಿಯ ಗಾಜಿನಂಥ ಸಿಲಿಕಾ ಕವಚಕ್ಕೆ ಡಬ್ಬಿ ಮತ್ತು ಮುಚ್ಚಳದಂತೆ ಎರಡು ಭಾಗಗಳಿವೆ. ಕೋಶ ಎರಡಾದಾಗ ಪ್ರತಿ ಮರಿಕೋಶವೂ ಹಳೆಯ ಒಂದು ಭಾಗವನ್ನು ಉಳಿಸಿಕೊಂಡು ಅದರೊಳಗೆ ಹಿಡಿಸುವಂತೆ ಹೊಸದೊಂದನ್ನು ಕಟ್ಟಿಕೊಳ್ಳುವುದರಿಂದ, ಡಬ್ಬಿಯ ಭಾಗ ಪಡೆದ ಕೋಶ ಸಾಮಾನ್ಯವಾಗಿ ತುಸು ಚಿಕ್ಕದಾಗುತ್ತದೆ. ತಲೆಮಾರು ಕಳೆದಂತೆ ಉದ್ದ ಕುಗ್ಗಿ ಆಕಾರವೂ ಬದಲಾಗುತ್ತದೆ. ಲೈಂಗಿಕ ಸಂತಾನೋತ್ಪತ್ತಿಯ ನಂತರ ಮತ್ತೆ ದೊಡ್ಡ ಗಾತ್ರ ಬರುತ್ತದೆ. ಹಾಗಾಗಿ ನಿಮ್ಮ ಫೋಟೊದಲ್ಲಿ ದೋಣಿಯಂತೆ ನೀಳವಾಗಿರುವುದೂ ಅದರ ಪಕ್ಕದ ಮೊಂಡು ಕೋಶವೂ ಒಂದೇ ಪ್ರಭೇದದವಿರಬಹುದು. ಮಗ್ಗುಲಾಗಿ ಬಿದ್ದರಂತೂ ಅದೇ ದೋಣಿ ಆಯತದಂತೆ ಕಾಣುತ್ತದೆ.

ಮೊದಲು ಕವಚವನ್ನು ಶುಚಿಮಾಡಬೇಕು. ನಿಮ್ಮ ಉಪನ್ಯಾಸಕರ ಎದುರಿನಲ್ಲೇ, ಕೈಗವಸು ಮತ್ತು ರಕ್ಷಣಾ ಕನ್ನಡಕ ಧರಿಸಿ, ಮಾದರಿಯನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕಾಯಿಸಿದರೆ ಕೋಶದೊಳಗಿನ ಕಂದು ಬಣ್ಣವೆಲ್ಲ ಹೋಗಿ ತಳದಲ್ಲಿ ಬೆಳ್ಳಗಿನ ಪುಡಿ ನಿಲ್ಲುತ್ತದೆ. ಅದನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಹಲವು ಬಾರಿ ತೊಳೆದು, ಒಂದು ಹನಿಯನ್ನು ಕವರ್ ಸ್ಲಿಪ್ಪಿನ ಮೇಲೆ ಒಣಗಿಸಿ, ಹೆಚ್ಚು ವಕ್ರೀಭವನಾಂಕವುಳ್ಳ (ಬೆಳಕನ್ನು ಹೆಚ್ಚು ಬಾಗಿಸುವ) ರಾಳದಲ್ಲಿ ಕೂರಿಸಿ, 1000 ಪಟ್ಟು ಹಿಗ್ಗಿಸಿ ನೋಡಿ. ಆಗ ಕವಚದ ಮೇಲೆ 10 ಮೈಕ್ರೊಮೀಟರಿನೊಳಗೆ ಎಷ್ಟು ಗೆರೆಗಳಿವೆಯೆಂದು ಎಣಿಸಲು ಬರುತ್ತದೆ. ಉದ್ದಕ್ಕಿಂತ ಈ ಎಣಿಕೆಯೇ ಹೆಚ್ಚು ನಂಬಲರ್ಹ. ಒಂದಲ್ಲ, ಹತ್ತಾರು ಕೋಶಗಳಲ್ಲಿ ಎಣಿಸಬೇಕು.

ಕವಚವೂ ಸಾಲದ ಸಂದರ್ಭಗಳಿವೆ. ಸಮುದ್ರದ ಸ್ಕೆಲಿಟೊನೀಮಾ ಕೋಸ್ಟೇಟಮ್ ಎಂಬ ಹೆಸರಿನಡಿ ಹಲವು ಪ್ರಭೇದಗಳು ಸೇರಿಹೋಗಿದ್ದುದು 2005ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಹಾಗೂ ಡಿಎನ್‌ಎ ಎರಡನ್ನೂ ಕೂಡಿಸಿ ನೋಡಿದಾಗ ಸ್ಪಷ್ಟವಾಯಿತು. ಆದರೆ ಡಿಎನ್‌ಎ ಅನುಕ್ರಮಕ್ಕೆ ಹೆಸರು ಸಿಗುವುದು ಹೋಲಿಸುವ ಭಂಡಾರದಲ್ಲಿ ಸರಿಯಾದ ಹೆಸರಿದ್ದರೆ ಮಾತ್ರ. ಆದ್ದರಿಂದ ಒಂದೇ ಕೋಶದಿಂದ ಬೆಳೆಸಿದ ಸಂತತಿಯ ಕವಚದ ಚಿತ್ರವನ್ನೂ ಡಿಎನ್‌ಎಯನ್ನೂ ಜೊತೆಗಿಡುವುದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸುಧಾರಣೆ.

ಮಲೆನಾಡಿಗೆ ಇದು ಇನ್ನೂ ಅಗತ್ಯ. ಡಯಾಟಮ್ ತಜ್ಞ ಎಚ್.ಪಿ. ಗಾಂಧಿಯವರು 1950ರ ದಶಕದ ಕೊನೆಯಲ್ಲಿ ಸಾಗರ ಮತ್ತು ಹಿರೇಭಾಸ್ಕರ ಅಣೆಕಟ್ಟಿನ ಸುತ್ತಲಿನ ಡಯಾಟಮ್‌ಗಳನ್ನು ಕೈಚಿತ್ರಗಳೊಡನೆ ವಿವರಿಸಿದ್ದರು. ಆ ಅಣೆಕಟ್ಟು ಈಗ ಲಿಂಗನಮಕ್ಕಿ ಹಿನ್ನೀರಿನಡಿ ಇದೆ. ಅಂದಿನ ನೀರಿನಿಂದ ಮತ್ತೆ ಮಾದರಿ ತರಲಾಗದು. ನಿಮ್ಮ ಸ್ಲೈಡಿನ ಮೇಲೆ ಸ್ಥಳ, ದಿನಾಂಕ ಬರೆದು ಉಳಿಸಿ. ಮಾದರಿಯ ಒಂದು ಪಾಲನ್ನು ಎಥನಾಲಿನಲ್ಲಿ ತಂಪಾಗಿಡಿ. ಫಾರ್ಮಲಿನ್ ಬೇಡ, ಅದರಿಂದ ಡಿಎನ್‌ಎ ಹಾಳಾಗುತ್ತದೆ.