ಟರ್ಬೊ ಹ್ಯಾಚ್‌ಬ್ಯಾಕ್‌ನ ಮೈಲೇಜ್: 20 ಅಂದರು, 11 ಬಂತು

"ಸರ್, ಕಂಪನಿಯವರು ಲೀಟರಿಗೆ 20 ಅಂದಿದ್ದರು. ನನಗೆ 11 ಬರ್ತಿದೆ. ಎಂಜಿನ್‌ನಲ್ಲಿ ಏನೋ ತೊಂದರೆ ಇರಬೇಕು, ಸ್ಕ್ಯಾನರ್ ಹಾಕಿ ನೋಡಿ."

ಟರ್ಬೊ (ಎಂಜಿನ್‌ಗೆ ಒತ್ತಡದಿಂದ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕೊಂಡವರ ಬಾಯಿಂದ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಸ್ಕ್ಯಾನರ್ ಹಾಕುತ್ತೇನೆ. ಬಹಳಷ್ಟು ಸಲ ದೋಷ ತೋರಿಸುವ ಒಂದು ಕೋಡ್ ಕೂಡ ಸಿಗುವುದಿಲ್ಲ. ಆಗ ನಾನು ಕೇಳುವುದು, ದಿನಾ ಎಲ್ಲಿಂದ ಎಲ್ಲಿಗೆ ಓಡಿಸುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು. "ವೈಟ್‌ಫೀಲ್ಡ್‌ನಿಂದ ಜಯನಗರ, ಒಂದೂವರೆ ಗಂಟೆ" ಅನ್ನುವ ಉತ್ತರ ಬಂದರೆ ಬಾನೆಟ್ ತೆರೆಯುವ ಮೊದಲೇ ಅರ್ಧ ಲೆಕ್ಕ ಮುಗಿದಿರುತ್ತದೆ.

ಮಾತಿಗೆ ಒಂದು ಕಾರು ಇಟ್ಟುಕೊಳ್ಳೋಣ: ಹ್ಯುಂಡೈ ಐ20 ಎನ್ ಲೈನ್. 2021ರಲ್ಲಿ ಬಂದದ್ದು. 998 ಸಿಸಿಯ ಮೂರು ಸಿಲಿಂಡರ್ ಟರ್ಬೊ, 120 ಪಿಎಸ್ ಶಕ್ತಿ, 172 ಎನ್ಎಂ ಟಾರ್ಕ್. ಅಧಿಕೃತ ಮೈಲೇಜ್ ಸುಮಾರು 20. ಇದಕ್ಕೂ ಮೊದಲು ಇಂಥ ಕಾರುಗಳು ಬಂದಿದ್ದವು. 2013ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್ಐಗೆ 17.2, 2015ರ ಅಬಾರ್ತ್ ಪುಂಟೊಗೆ 16.3, 2017ರ ಬಲೆನೊ ಆರ್‌ಎಸ್‌ಗೆ 21.1 ಎಂದಿತ್ತು. ಆಗಲೂ ಮಾಲೀಕರ ದೂರು ಇದೇ ಆಗಿತ್ತು.

ಆ 20 ಸುಳ್ಳಲ್ಲ. ಆದರೆ ಅದು ಯಾವ ಪರೀಕ್ಷೆಯ ಅಂಕ ಎಂದು ಗೊತ್ತಿರಬೇಕು. ಕಾರನ್ನು ಪ್ರಯೋಗಾಲಯದಲ್ಲಿ ರೋಲರ್ ಮೇಲೆ ನಿಲ್ಲಿಸಿ, ಭಾರತಕ್ಕೆಂದು ಮಾರ್ಪಡಿಸಿದ ಒಂದು ಚಾಲನಾ ಚಕ್ರದ ಪ್ರಕಾರ ಸುಮಾರು 20 ನಿಮಿಷ ಓಡಿಸುತ್ತಾರೆ. ದೂರ 11 ಕಿ.ಮೀ.ಗೂ ಸ್ವಲ್ಪ ಕಡಿಮೆ. ಮೊದಲ 780 ಸೆಕೆಂಡ್ ನಗರದ ಭಾಗ, ಅಲ್ಲಿ ವೇಗ 50 ದಾಟುವುದಿಲ್ಲ. ಉಳಿದ 400 ಸೆಕೆಂಡ್ ಊರ ಹೊರಗಿನ ಭಾಗ, ಅಲ್ಲಿ ಗರಿಷ್ಠ 90. ಎಸಿ ಆಫ್. ವೇಗ ಏರುವುದು ಎಷ್ಟು ನಿಧಾನವೆಂದರೆ ನಮ್ಮ ಸಿಗ್ನಲ್‌ನಲ್ಲಿ ಹಾಗೆ ಹೊರಟರೆ ಹಿಂದಿನವರು ಹಾರ್ನ್ ಹೊಡೆದೇ ಹೊಡೆಯುತ್ತಾರೆ. ಎಷ್ಟು ಪೆಟ್ರೋಲ್ ಸುಟ್ಟಿತು ಎಂಬುದನ್ನು ಟ್ಯಾಂಕ್ ನೋಡಿ ಅಳೆಯುವುದಿಲ್ಲ. ಸೈಲೆನ್ಸರ್‌ನಿಂದ ಹೊರಬಂದ ಅನಿಲದಲ್ಲಿರುವ ಇಂಗಾಲದ ಲೆಕ್ಕದಿಂದ ತೆಗೆಯುತ್ತಾರೆ. ಎಲ್ಲ ಕಂಪನಿಗಳ ಕಾರಿಗೂ ಒಂದೇ ಪರೀಕ್ಷೆ ಇರುವುದರಿಂದ ಎರಡು ಕಾರುಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಈ ಅಂಕ ಚೆನ್ನಾಗಿದೆ. ನಿಮ್ಮ ತಿಂಗಳ ಪೆಟ್ರೋಲ್ ಖರ್ಚು ಊಹಿಸಲು ಸಾಲದು. ಯುರೋಪಿನ ಪರೀಕ್ಷೆ ನಮ್ಮದಕ್ಕಿಂತ ಕಠಿಣ, ವೇಗ 131ರವರೆಗೆ ಹೋಗುತ್ತದೆ. ಆದರೂ 2021ರಲ್ಲಿ ನೋಂದಣಿಯಾದ ಕಾರುಗಳೊಳಗಿನ ಮೀಟರಿನಿಂದಲೇ ಮಾಹಿತಿ ಪಡೆದು ಯುರೋಪಿಯನ್ ಕಮಿಷನ್ 2024ರಲ್ಲಿ ಲೆಕ್ಕ ಹಾಕಿದಾಗ, ಪೆಟ್ರೋಲ್ ಕಾರುಗಳು ಪರೀಕ್ಷೆಯ ಅಂಕಕ್ಕಿಂತ ಶೇ 24ರಷ್ಟು ಹೆಚ್ಚು ಸುಡುತ್ತಿದ್ದವು.

ಈಗ ಪಟ್ಟಣದ ಲೆಕ್ಕ. ಜನರಿಗೆ ಇದನ್ನು ಪೆನ್ನು ಹಿಡಿದು ಬರೆದು ತೋರಿಸುತ್ತೇನೆ, ಯಾಕೆಂದರೆ ಬಾಯಲ್ಲಿ ಹೇಳಿದರೆ ನಂಬುವುದಿಲ್ಲ.

ಚಾಲಕ ಸೇರಿ ಕಾರಿನ ತೂಕ 1200 ಕೆ.ಜಿ. ಅಂದುಕೊಳ್ಳಿ. ನಿಂತ ಕಾರನ್ನು 40 ಕಿ.ಮೀ. ವೇಗಕ್ಕೆ ತರಲು ಸುಮಾರು 10 ಮಿ.ಲೀ. ಪೆಟ್ರೋಲ್ ಬೇಕು. ಬ್ರೇಕ್ ಒತ್ತಿದ ಕೂಡಲೇ ಅದಷ್ಟೂ ಬ್ರೇಕ್ ಡಿಸ್ಕ್‌ನಲ್ಲಿ ಶಾಖವಾಗಿ ಹೋಯಿತು. ಒಂದು ಕಿಲೋಮೀಟರಿನಲ್ಲಿ ಹೀಗೆ ಮೂರು ಸಲ ನಿಂತು ಹೊರಟರೆ 30 ಮಿ.ಲೀ. ಟೈರು ಉರುಳುವುದಕ್ಕೇ 17 ಮಿ.ಲೀ. ಹತ್ತಿರ. ಎಸಿ ಹಾಕಿಕೊಂಡು ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ಗಂಟೆಗೆ ಲೀಟರಿನ ಆಸುಪಾಸು ಹೋಗುತ್ತದೆ. ಆ ಕಿಲೋಮೀಟರಿನಲ್ಲಿ ಎರಡು ನಿಮಿಷ ನಿಂತಿದ್ದರೆ ಇನ್ನೊಂದು 33. ಕೂಡಿಸಿ: 80 ಮಿ.ಲೀ. ಅಂದರೆ ಲೀಟರಿಗೆ 12 ಚಿಲ್ಲರೆ. ಮೂರರ ಬದಲು ಐದು ಸಲ ನಿಂತಿರೋ, ಅದು 10ಕ್ಕೆ ಇಳಿಯಿತು. ಎಂಜಿನ್‌ನಲ್ಲಿ ಯಾವ ದೋಷವೂ ಇಲ್ಲ, ಚಾಲಕ ಒರಟಾಗಿ ಓಡಿಸಿಯೂ ಇಲ್ಲ. ಸಿಲ್ಕ್ ಬೋರ್ಡ್ ಕಡೆಯ ಸಂಜೆಯ ರಸ್ತೆಯಲ್ಲಿ ಆ ಕಾರು ಕೊಡಬಹುದಾದದ್ದೇ ಅಷ್ಟು. ಹಾಗಾಗಿ ನಾನು ಡ್ಯಾಶ್‌ಬೋರ್ಡ್‌ನಲ್ಲಿ ಮೈಲೇಜ್ ಅಂಕೆಗಿಂತ ಮೊದಲು ಸರಾಸರಿ ವೇಗ ನೋಡುತ್ತೇನೆ. ಅದು 15 ಎಂದು ತೋರಿಸುತ್ತಿದ್ದರೆ 11 ಬಂದದ್ದಕ್ಕೆ ಕಾರಣ ಅಲ್ಲೇ ಇದೆ.

ಹತ್ತಿರದ ಓಡಾಟ ಇನ್ನೂ ಕಷ್ಟ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದಾಗ ಕಂಪ್ಯೂಟರಿನ ಮೊದಲ ಚಿಂತೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಸ್ಟ್ ಅನ್ನು ಬೇಗ ಬಿಸಿ ಮಾಡುವುದು. ಅದಕ್ಕಾಗಿ ಕಿಡಿ ಹೊತ್ತಿಸುವುದನ್ನು ಬೇಕೆಂದೇ ತಡಮಾಡಿ, ಐಡಲ್ ವೇಗ (ಕಾರು ನಿಂತಿರುವಾಗ ಎಂಜಿನ್ ತಿರುಗುವ ವೇಗ) ಏರಿಸಿ, ಶಾಖವನ್ನು ಹೊರಗೆ ಕಳಿಸುತ್ತದೆ. ಮಗುವನ್ನು ಶಾಲೆಗೆ ಬಿಟ್ಟು ಮೂರೇ ಕಿಲೋಮೀಟರಿಗೆ ವಾಪಸ್ ಬಂದರೆ ಇಡೀ ಪ್ರಯಾಣ ಈ ಹಂತದಲ್ಲೇ ಮುಗಿದಿರುತ್ತದೆ. 8, 9 ಬಂದರೂ ಆಶ್ಚರ್ಯವಿಲ್ಲ.

ಇಷ್ಟು ಎಲ್ಲ ಪೆಟ್ರೋಲ್ ಕಾರಿಗೂ ಅನ್ವಯಿಸುತ್ತದೆ. ಟರ್ಬೊ ಕಾರಿನ ವಿಶೇಷ ಬೇರೆಯೇ. ಸಣ್ಣ ಎಂಜಿನ್ ಮೆಲ್ಲಗೆ ಹೋಗುವಾಗ ಸಣ್ಣ ಎಂಜಿನ್‌ನಷ್ಟೇ ತಿನ್ನುತ್ತದೆ. ಕಾಲು ಒತ್ತಿದಿರಿ, ಟರ್ಬೊ ಗಾಳಿ ತುಂಬಿತು. ಎಷ್ಟು ಗಾಳಿ ಒಳಗೆ ಹೋಯಿತೋ ಅದಕ್ಕೆ ತಕ್ಕ ಪೆಟ್ರೋಲ್ ಹೋಗಲೇಬೇಕು. ಸಮತೋಲಿತ ಮಿಶ್ರಣದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಪೂರ್ತಿ ಒತ್ತಿ ಹಿಡಿದಾಗ ಟರ್ಬೊ ಮತ್ತು ವಾಲ್ವ್‌ಗಳು ಸುಡದಂತೆ ಕಾಪಾಡಲು ಎಷ್ಟೋ ಎಂಜಿನ್‌ಗಳು ಇದನ್ನು 12ರ ಹತ್ತಿರಕ್ಕೆ ತರುತ್ತವೆ, ಅಂದರೆ ತಂಪು ಮಾಡುವುದಕ್ಕೆಂದೇ ಹೆಚ್ಚುವರಿ ಪೆಟ್ರೋಲ್ ಸಿಂಪಡಿಸುತ್ತವೆ. 120 ಪಿಎಸ್ ಪೂರ್ತಿ ಬಳಸಿದರೆ ಸೆಕೆಂಡಿಗೆ ಸುಮಾರು 10 ಮಿ.ಲೀ. ಹೋಗುತ್ತದೆ. 80ರಲ್ಲಿ ಸಮವಾಗಿ ಸಾಗುವಾಗ ಸೆಕೆಂಡಿಗೆ ಬೇಕಾದದ್ದು ಒಂದೇ ಮಿ.ಲೀ. ಹತ್ತು ಪಟ್ಟು ವ್ಯತ್ಯಾಸ! ಒಂದು ಲಾರಿ ಹಿಂದೆ ಹಾಕಲು ಹತ್ತು ಸೆಕೆಂಡ್ ಪೂರ್ತಿ ಒತ್ತಿದರೆ 100 ಮಿ.ಲೀ. ಖಾಲಿ. ಅದೇ ಕಂಪನಿಯ ಟರ್ಬೊ ಇಲ್ಲದ 1.2 ಎಂಜಿನ್‌ಗೆ ಅಷ್ಟು ಸುಡುವ ಶಕ್ತಿಯೇ ಇಲ್ಲ, ಆದ್ದರಿಂದ ಅದರ ಮೈಲೇಜ್ ಯಾರ ಕೈಯಲ್ಲೂ ಅಷ್ಟೊಂದು ಏರುಪೇರಾಗುವುದಿಲ್ಲ. ಸ್ಪೋರ್ಟಿ ಹ್ಯಾಚ್‌ಬ್ಯಾಕ್‌ಗೆ ಒಂದೇ ಮೈಲೇಜ್ ಎಂಬುದಿಲ್ಲ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಅದಕ್ಕಿರುವುದು 8ರಿಂದ 22ರವರೆಗಿನ ಹರವು. ಅಣ್ಣ ಓಡಿಸಿದರೆ 17, ತಮ್ಮ ಓಡಿಸಿದರೆ 12 ಬರುವ ಮನೆಗಳಿವೆ, ಕಾರು ಒಂದೇ.

ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಆ ಪಿಕಪ್‌ಗಾಗಿಯೇ ತಾನೆ ಈ ಕಾರು ತೆಗೆದುಕೊಂಡದ್ದು? ಘಾಟಿಯಲ್ಲಿ ಸುರಕ್ಷಿತವಾಗಿ ಬೇಗ ಓವರ್‌ಟೇಕ್ ಮುಗಿಸಲು ಅದು ಬೇಕು, ಬಳಸಿ. ಪ್ರತಿ ಸಿಗ್ನಲ್ ಮಧ್ಯದ 200 ಮೀಟರಿನಲ್ಲಿ ಬಳಸಿದರೆ ಮಾತ್ರ ಅದು ಬರೀ ಬ್ರೇಕ್ ಬಿಸಿ ಮಾಡುವ ಕೆಲಸ.

ಹೆದ್ದಾರಿಯಲ್ಲಿ ಗಾಳಿಯ ತಡೆಯೇ ಎಲ್ಲ. ವೇಗ 80ರಿಂದ 120ಕ್ಕೆ ಹೋದರೆ ಗಾಳಿಯ ತಡೆ ಎರಡೂಕಾಲು ಪಟ್ಟು. ಈ ಅಳತೆಯ ಕಾರಿಗೆ ಲೆಕ್ಕ ಹಾಕಿದರೆ 80ರಲ್ಲಿ 22, 100ರಲ್ಲಿ 18, 120ರಲ್ಲಿ 14 ಹತ್ತಿರ ಬರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಅದನ್ನು ಮೀರಿ 120ರಲ್ಲಿ ಹೋದವರಿಗೆ ಉಳಿಯುವುದು ಹತ್ತು ಹನ್ನೆರಡು ನಿಮಿಷ, ಹೆಚ್ಚಿಗೆ ಸುಡುವುದು ಎರಡು ಲೀಟರಿನ ಹತ್ತಿರ, ದಂಡ ಬೇರೆ.

ಮಂಗಳೂರಿಗೆ ಹೋಗಿ ಬಂದವರು ಇನ್ನೊಂದು ಗೊಂದಲ ತರುತ್ತಾರೆ: "ಹೋಗುವಾಗ 19 ಬಂತು, ಬರುವಾಗ 16. ಅಲ್ಲಿಯ ಬಂಕಿನ ಪೆಟ್ರೋಲ್ ಸರಿ ಇರಲಿಲ್ಲವಾ?" ಬಂಕಿನವರನ್ನು ಬೈಯುವ ಮೊದಲು ಎತ್ತರ ನೆನಪಿಸಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಆ ಕಾರನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೇ ಒಂದು ಲೀಟರಿಗೂ ಮೇಲೆ ಬೇಕು. ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸ್ ಸಿಗುತ್ತದೆ, ಗೇರಿನಲ್ಲೇ ಇಳಿದರೆ. ಶಿರಾಡಿಯಲ್ಲಿ ನ್ಯೂಟ್ರಲ್ ಹಾಕಿ ಇಳಿಸಿದರೆ ಉಳಿತಾಯ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಗೇರ್ ಹಾಕಿ ಎಕ್ಸಲರೇಟರ್‌ನಿಂದ ಕಾಲು ತೆಗೆದಾಗ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಪೂರ್ತಿ ಮುಚ್ಚಿಕೊಳ್ಳುತ್ತವೆ, ಒಂದು ಹನಿಯೂ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಐಡಲ್ ನಡೆಸಲು ಪೆಟ್ರೋಲ್ ಹೋಗುತ್ತಲೇ ಇರುತ್ತದೆ, ಜೊತೆಗೆ ಎಂಜಿನ್ ಬ್ರೇಕಿಂಗ್ ಇಲ್ಲದೆ ಬ್ರೇಕ್ ಕಾದು ಕೈಕೊಡಬಹುದು. ದಯವಿಟ್ಟು ಘಾಟಿಯಲ್ಲಿ ಹಾಗೆ ಮಾಡಬೇಡಿ.

ಇನ್ನು ಪೆಟ್ರೋಲಿಗೆ ಬೆರೆಸುವ ಎಥನಾಲ್. ಮೈಲೇಜ್ ಬಿದ್ದದ್ದಕ್ಕೆಲ್ಲ ಅದೇ ಕಾರಣ ಅನ್ನುವವರಿದ್ದಾರೆ. ಎಥನಾಲ್‌ನಲ್ಲಿರುವ ಶಕ್ತಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟು. ಶೇ 20 ಬೆರೆತಾಗ ಶುದ್ಧ ಪೆಟ್ರೋಲಿಗಿಂತ ಶೇ 6–7 ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಿಗೆ ಇದೇ ಪ್ರಮಾಣದ ಇಳಿಕೆ ಹೇಳಿತ್ತು. ಇ20ಗೆ (ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ) ಹೊಂದಿಸಿದ ಹೊಸ ಕಾರುಗಳಿಗೆ ಶೇ 1–2. ಅಂದರೆ 20ರಲ್ಲಿ ಹೆಚ್ಚೆಂದರೆ 1.4 ಹೋಯಿತು. 9 ಕಿಲೋಮೀಟರ್ ಕಳೆದುಕೊಂಡದ್ದನ್ನೆಲ್ಲ ಎಥನಾಲ್ ತಲೆಗೆ ಕಟ್ಟುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ಅಳೆಯುವ ರೀತಿಯೂ ಸರಿಯಿರಬೇಕು. ಡ್ಯಾಶ್‌ಬೋರ್ಡ್‌ನ ಅಂಕೆ ಇಂಜೆಕ್ಟರ್ ತೆರೆದಿದ್ದ ಸಮಯದಿಂದ ಮಾಡಿದ ಅಂದಾಜು, ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಒಂದೇ ಬಂಕ್, ಒಂದೇ ಪಂಪ್, ಪಂಪ್ ತಾನಾಗಿ ನಿಲ್ಲುವ ಮೊದಲ ಕಟ್‌ಆಫ್‌ಗೆ ನಿಲ್ಲಿಸಿ ಫುಲ್ ಟ್ಯಾಂಕ್. ಮತ್ತೆ ಫುಲ್ ಮಾಡಿಸಿದಾಗ ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಒಂದು ಸಲದ್ದನ್ನು ನಂಬಬೇಡಿ. 30 ಲೀಟರಿನಲ್ಲಿ ಒಂದು ಲೀಟರ್ ಆಚೀಚೆ ಆದರೂ ಶೇ 3 ತಪ್ಪು, ನಾಲ್ಕೈದು ಸಲದ್ದನ್ನು ಕೂಡಿಸಿ ತೆಗೆಯಿರಿ. ಟೈರ್ ದೊಡ್ಡದು ಹಾಕಿಸಿಕೊಂಡವರಿಗೆ ಒಂದು ಮಾತು. 195/55 ಆರ್16 ತೆಗೆದು 215/50 ಆರ್17 ಹಾಕಿದರೆ ಚಕ್ರದ ವ್ಯಾಸ ಶೇ 4 ಹೆಚ್ಚುತ್ತದೆ, ಓಡೋಮೀಟರ್ ಅಷ್ಟು ಕಡಿಮೆ ಎಣಿಸುತ್ತದೆ. ಮೈಲೇಜ್ ಬಿದ್ದಂತೆ ಕಾಣುವುದರಲ್ಲಿ ಒಂದು ಪಾಲು ಈ ಎಣಿಕೆಯದು. ಉಳಿದದ್ದು ಅಗಲ ಟೈರು ಮತ್ತು ಭಾರದ ವೀಲ್‌ನಿಂದ ನಿಜವಾಗಿಯೇ ಆದ ನಷ್ಟ.

ಹಾಗಾದರೆ ಕಾರು ತೋರಿಸಬೇಕಾದದ್ದು ಯಾವಾಗ? ಅದೇ ದಾರಿ, ಅದೇ ಕೈ, ಅದೇ ಬಂಕ್ ಇದ್ದೂ ಮೊದಲು ಬರುತ್ತಿದ್ದ 14 ಈಗ 11ಕ್ಕೆ ಇಳಿದಿದ್ದರೆ. ಆಗ ನಾನು ಮೊದಲು ನೋಡುವುದು ಟೈರಿನ ಗಾಳಿ ಒತ್ತಡ, ಆಮೇಲೆ ನಾಲ್ಕೂ ಚಕ್ರದ ಬಿಸಿ. ಓಡಿ ಬಂದ ಕಾರಿನ ಒಂದು ಚಕ್ರ ಮಾತ್ರ ಹೆಚ್ಚು ಕಾದಿದ್ದರೆ ಆ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಒತ್ತುವ ಭಾಗ) ಬಿಡದೆ ಹಿಡಿದುಕೊಂಡಿದೆ. ಸ್ಕ್ಯಾನರ್‌ನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವದ, ತಾಪ ನೋಡುತ್ತೇನೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದರೂ 90 ಡಿಗ್ರಿ ಹತ್ತಿರಕ್ಕೆ ಬರದೆ 70ರಲ್ಲೇ ನಿಂತಿದ್ದರೆ ಆ ದ್ರವದ ಹರಿವನ್ನು ನಿಯಂತ್ರಿಸುವ ವಾಲ್ವ್, ಥರ್ಮೋಸ್ಟಾಟ್, ತೆರೆದೇ ಉಳಿದಿದೆ, ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕೊಡುತ್ತಿರುತ್ತದೆ. ಕೋಡ್ ಬರದೇ ಇರುವ ದೋಷಗಳಲ್ಲಿ ನನಗೆ ಹೆಚ್ಚು ಸಿಗುವುದು ಇದೇ. ಟರ್ಬೊದಿಂದ ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ ಹೋಗುವ ಪೈಪ್‌ನ ಕ್ಲ್ಯಾಂಪ್ ಸಡಿಲವಾಗಿ ಗಾಳಿ ಸೋರುತ್ತಿದ್ದರೂ ಪಿಕಪ್ ಕಡಿಮೆಯಾಗಿ ಕಾಲು ತಾನಾಗಿಯೇ ಹೆಚ್ಚು ಒತ್ತುತ್ತದೆ. ಬರುವಾಗ ನಿಮ್ಮ ಫುಲ್ ಟ್ಯಾಂಕ್ ಲೆಕ್ಕದ ಚೀಟಿ ತನ್ನಿ. "ಮೈಲೇಜ್ ಕೊಡ್ತಿಲ್ಲ" ಎಂಬ ಒಂದು ಮಾತಿಗಿಂತ, ಯಾವ ತಿಂಗಳಿಂದ ಎಷ್ಟು ಇಳಿದಿದೆ ಎಂಬ ಆ ನಾಲ್ಕು ಸಾಲು ಮೆಕ್ಯಾನಿಕ್‌ಗೆ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.